38 ಜನ ಬಂದ ಪಬ್ಬು ಸುದ್ದಿಯಾಗುತ್ತದೆ, ಗುತ್ತಿಗಾರಿನ 40 ಕುರ್ಚಿ ಯಾಕಾಗುವುದಿಲ್ಲ?

ಮೊದಲು ನನ್ನದೇ ತಪ್ಪು ಒಪ್ಪಿಕೊಂಡು ಶುರು ಮಾಡುತ್ತೇನೆ.

ಪತ್ರಿಕೋದ್ಯಮ ಓದಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನಮ್ಮ ತಾಲೂಕಿನ ಹುಡುಗನೊಬ್ಬ ಬೆಂಗಳೂರಿನ ಒಂದು ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಆ ತಂಡ ಇಂಗ್ಲೆಂಡಿಗೆ ಹೋಗಿ ಬಂತು. ಫೋಟೋ ವಾಟ್ಸಾಪಿಗೆ ಬಂತು: ಕೆಂಪು ದೀಪ, ಇಟ್ಟಿಗೆ ಗೋಡೆ, ಕೈ ಮೇಲೆತ್ತಿದ ಬಿಳಿ ಜನ. ನಾನು ಅರ್ಧ ಗಂಟೆಯಲ್ಲಿ ಸುದ್ದಿ ಮಾಡಿ ಕಳಿಸಿದೆ. ಶೀರ್ಷಿಕೆ "ಸಾಗರದಾಚೆ ಮೊಳಗಿದ ಸುಳ್ಯದ ಗಿಟಾರ್". ಊರೆಲ್ಲ ಶೇರ್ ಆಯಿತು. ಅವನ ಅಪ್ಪನಿಗೆ ಸೊಸೈಟಿಯಲ್ಲಿ ನಾಲ್ಕು ಜನ ಕೈ ಕುಲುಕಿದರು.

ಸುಮಾರು ಒಂದು ತಿಂಗಳ ಮೇಲೆ ಅವನು ಗುತ್ತಿಗಾರು ಪೇಟೆಯಲ್ಲಿ ಸಿಕ್ಕಿದ. ಚಾ ಕುಡಿಯುವಾಗ ಕೇಳಿದೆ: "ಎಷ್ಟು ಜನ ಇದ್ದರು ಅಲ್ಲಿ?"

ಅವನು ನಕ್ಕ. "38 ಮಾರಾಯ್ರೆ. ನಾನೇ ಸ್ಟೇಜಿನಿಂದ ಎಣಿಸಿದ್ದು. ಗ್ಲಾಸ್ ತೊಳೆಯುವವನನ್ನೂ ಸೇರಿಸಿ."

ನನಗೆ ನಾಚಿಕೆಯಾಯಿತು. ಆದರೆ ಅವನು ಮುಂದೆ ಹೇಳಿದ ಮಾತು ಇನ್ನೂ ತಲೆಯಲ್ಲಿ ಉಂಟು. "ಆ 38 ಜನ ಟಿಕೆಟು ತೆಗೆದು ಬಂದಿದ್ದರು. ಫೋನು ಕಿಸೆಯಲ್ಲಿಟ್ಟು ಕೇಳಿದರು. ಮುಗಿದ ಮೇಲೆ ಇಬ್ಬರು ಬಂದು ಮೂರನೇ ಹಾಡಿನಲ್ಲಿ ನೀನು ಲಯ ಬಿಟ್ಟೆ ಅಂದರು. ನಮ್ಮೂರಲ್ಲಿ ನನಗೆ ಇದುವರೆಗೆ ಯಾರೂ ಹಾಗೆ ಹೇಳಿಲ್ಲ. ಶಾಲು ಹಾಕಿದ್ದಾರೆ, ಅಷ್ಟೆ."

ನನ್ನ ಜಗಳ ಇರುವುದು ಆ ಶಾಲಿನ ಮೇಲೆ.

ಪಬ್ಬಿನ ಕಛೇರಿ ಅಂದರೆ ಏನು?

ನಮಗೆ ವಿದೇಶ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಲಕ್ಷ ಜನ ಸೇರಿದ ಮೈದಾನ. ಅಂಥದ್ದೂ ಉಂಟು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋದರು. 2012ರಲ್ಲಿ ಎಲಿಜಬೆತ್ ರಾಣಿಯ ವಜ್ರ ಮಹೋತ್ಸವದ ಕಾರ್ಯಕ್ರಮದಲ್ಲಿ ವಿಂಡ್ಸರಿನಲ್ಲಿ ಹಾಡಿದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹಾಡಿದರು. ಇದು ನಿಜವಾಗಿ ದೊಡ್ಡ ಸುದ್ದಿ.

ಆದರೆ ಹೊರದೇಶಕ್ಕೆ ಹೋಗುವ ಹೆಚ್ಚಿನ ತಂಡಗಳ ಕಥೆ ಹೀಗಿರುವುದಿಲ್ಲ. ಒಂದು ಬಾಡಿಗೆ ವ್ಯಾನು. ಅದರೊಳಗೆ ಡ್ರಮ್ಮು, ಗಿಟಾರು, ನಾಲ್ಕು ಜನ, ನಾಲ್ಕು ಜನರ ಒಗೆಯದ ಬಟ್ಟೆ. ಇವತ್ತು ಒಂದು ಊರು, ನಾಳೆ ಇನ್ನೊಂದು. ಸಂಜೆ ಐದಕ್ಕೆ ಮುಟ್ಟಿ ಸಾಮಾನು ಇಳಿಸಬೇಕು, ತಂತಿ ಜೋಡಿಸಬೇಕು, ಸೌಂಡು ನೋಡಬೇಕು. ಹಾಡು ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿ ತಮ್ಮದೇ ಟೀಶರ್ಟು, ಸೀಡಿ ತಾವೇ ಮಾರಬೇಕು. ಕೆಲವು ಕಡೆ ಆ ಟೀಶರ್ಟಿನ ದುಡ್ಡಿನಲ್ಲೂ ಜಾಗದವರು ಪಾಲು ಕೇಳುತ್ತಾರೆ. ರಾತ್ರಿ ಯಾರೋ ಪರಿಚಯದವರ ಮನೆಯ ನೆಲದಲ್ಲಿ ನಿದ್ದೆ. ವೀಸಾ, ವಿಮಾನದ ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯದೆ ಬಂದ ತಂಡಗಳೂ ಉಂಟು.

ಹಾಗಾದರೆ ಯಾಕೆ ಹೋಗುತ್ತಾರೆ? ಕಲಿಯಲಿಕ್ಕೆ.

ಬೀಟಲ್ಸ್ ಹೆಸರು ನೀವು ಕೇಳಿರುತ್ತೀರಿ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಹುಡುಗರು. 1960ರ ಆಗಸ್ಟಿನಲ್ಲಿ ಅವರನ್ನು ಯಾರೂ ಕೇಳುವವರಿರಲಿಲ್ಲ. ಜರ್ಮನಿಯ ಹ್ಯಾಂಬರ್ಗ್ ಎಂಬ ಇನ್ನೊಂದು ಬಂದರಿಗೆ ಹೋದರು. ಅಲ್ಲಿ ಇಂದ್ರ ಎಂಬ ಸಣ್ಣ ಕ್ಲಬ್ಬು. ಹೌದು, ನಮ್ಮ ದೇವೇಂದ್ರನ ಹೆಸರೇ! ಕೇಳುವವರು ಹೆಚ್ಚಾಗಿ ಹಡಗಿನ ಕೆಲಸದವರು, ಕುಡಿದವರು. ದಿನಕ್ಕೆ ನಾಲ್ಕೂವರೆ ಗಂಟೆ, ವಾರದ ಕೊನೆಗೆ ಆರು ಗಂಟೆ ನುಡಿಸಬೇಕು. ಮಲಗಲಿಕ್ಕೆ ಒಂದು ಸಿನಿಮಾ ಟಾಕೀಸಿನ ಪರದೆಯ ಹಿಂದಿನ ಕೋಣೆ. ಜಾರ್ಜ್ ಹ್ಯಾರಿಸನ್ ಎಂಬ ಗಿಟಾರಿನ ಹುಡುಗನಿಗೆ 17 ವರ್ಷ. 18 ಆಗಿಲ್ಲ ಅಂತ ಆ ನವೆಂಬರಿನಲ್ಲಿ ಪೊಲೀಸರು ಊರಿಗೆ ಕಳಿಸಿದರು. 1964ರ ಫೆಬ್ರವರಿಯಲ್ಲಿ ಅಮೆರಿಕದ ಟೀವಿಯಲ್ಲಿ ಅದೇ ಹುಡುಗರನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ನಡುವೆ ಇದ್ದದ್ದು ಬರೀ ಮೂರೂವರೆ ವರ್ಷ. ಆ ಮೂರೂವರೆ ವರ್ಷದ ಪಾಠ ನಡೆದದ್ದು ಸಣ್ಣ ಕ್ಲಬ್ಬುಗಳಲ್ಲಿ, ಬೀರು ಕುಡಿಯುತ್ತಾ ಅರ್ಧ ಕಿವಿ ಕೊಟ್ಟವರ ಎದುರು.

ಸಣ್ಣ ಜಾಗದಲ್ಲಿ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಕೇಳುವವನು ಮೂರು ಮೊಳ ದೂರದಲ್ಲಿ ಕೂತಿರುತ್ತಾನೆ. ಅವನು ಆಕಳಿಸಿದರೆ ಹಾಡುವವನಿಗೆ ಕಾಣುತ್ತದೆ. ಮರುದಿನ ಆ ಹಾಡು ಬದಲಾಗುತ್ತದೆ. ದೊಡ್ಡ ಮೈದಾನದಲ್ಲಿ ಆಕಳಿಕೆ ಕಾಣುವುದಿಲ್ಲ.

ಇದೆಲ್ಲ ನಮಗೆ ಗೊತ್ತಿದ್ದದ್ದೇ

"ಅದೆಲ್ಲ ಇಂಗ್ಲಿಷಿನವರ ಕಥೆ, ನಮಗೆಂತಕ್ಕೆ?" ಅಂತ ಕೇಳುವವರಿಗೆ ಒಂದು ಮಾತು. ಈ ಪಾಠ ನಾವು ಹ್ಯಾಂಬರ್ಗಿನಿಂದ ಕಲಿಯಬೇಕಾಗಿಲ್ಲ. ನಮ್ಮ ಅಂಗಳದಲ್ಲೇ ಇತ್ತು.

ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಕಟ್ಟುವುದು ದೀಪಾವಳಿ ಕಳೆದು. ಆ ನಡುವಿನ ಮಳೆಗಾಲದಲ್ಲಿ ಕಲಾವಿದನ ಹೊಟ್ಟೆಗೆ ಏನು? ಅದಕ್ಕೆ ಬಂದದ್ದು ಚಿಕ್ಕಮೇಳ. ಒಬ್ಬ ಭಾಗವತ, ಚೆಂಡೆ, ಮದ್ದಳೆ, ಎರಡು ವೇಷ. ಕತ್ತಲಾದ ಮೇಲೆ ಮನೆಯಿಂದ ಮನೆಗೆ. ಚಾವಡಿಯಲ್ಲಿ ದೀಪ ಹಚ್ಚಿ, ಅಕ್ಕಿ ತೆಂಗಿನಕಾಯಿ ಇಟ್ಟು ಕೂತರೆ ಹತ್ತು ಹದಿನೈದು ನಿಮಿಷದ ಒಂದು ಪ್ರಸಂಗದ ತುಂಡು. ನೋಡುವವರು ಎಷ್ಟು? ಅಜ್ಜಿ, ಇಬ್ಬರು ಮಕ್ಕಳು, ಹಟ್ಟಿಯಿಂದ ಬಂದ ಅಮ್ಮ, ಪಕ್ಕದ ಮನೆಯವರು. ಮತ್ತೆ ಛತ್ರಿ ಬಿಡಿಸಿ, ಟಾರ್ಚು ಹಿಡಿದು ಮುಂದಿನ ಮನೆ. ವ್ಯಾನು ಕಟ್ಟಿಕೊಂಡು ಊರೂರು ತಿರುಗುವ ರಾಕ್ ಬ್ಯಾಂಡಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ರಂಗಸ್ಥಳ ಇಲ್ಲ. ಚಾಪೆ, ಮದ್ದಳೆ, ಮಾತು. 30 ಜನ ಕೂತು ಕೇಳುತ್ತಾರೆ. ಅರ್ಥಧಾರಿ ಒಂದು ಮಾತು ಜಾರಿದರೆ ಎದುರಿನವನು ಅಲ್ಲೇ ಹಿಡಿಯುತ್ತಾನೆ. ತೆಂಕುತಿಟ್ಟಿನ ಮಾತಿನ ಮಲ್ಲರು ತಯಾರಾದದ್ದು ಇಂಥ ಚಾವಡಿಗಳಲ್ಲಿ.

ಟಿಕೆಟು ನಮ್ಮ ಸಂಸ್ಕೃತಿ ಅಲ್ಲ ಅನ್ನುತ್ತೀರಾ? ನಿಮ್ಮ ಅಜ್ಜನನ್ನು ಕೇಳಿ. ಕರ್ನಾಟಕ ಮೇಳ, ಸುರತ್ಕಲ್ ಮೇಳದಂಥ ಡೇರೆ ಮೇಳಗಳು ಗದ್ದೆಯಲ್ಲಿ ಡೇರೆ ಹಾಕಿ, ನೆಲಕ್ಕೆ ಒಂದು ದರ, ಕುರ್ಚಿಗೆ ಒಂದು ದರ ಅಂತ ಟಿಕೆಟು ಮಾರಿಯೇ ಆಟ ಆಡಿದ್ದು. ಗದ್ದೆ ಕೊಯ್ಲಿನ ಕೂಲಿಯಲ್ಲಿ ಸ್ವಲ್ಪ ತೆಗೆದಿಟ್ಟು ಜನ ಟಿಕೆಟು ತೆಗೆದರು. ಆಟ ಚೆನ್ನಾಗಿಲ್ಲದಿದ್ದರೆ ಮರುದಿನ ಡೇರೆ ಖಾಲಿ. ಕಲಾವಿದನಿಗೂ ಗೊತ್ತಾಗುತ್ತಿತ್ತು, ಯಜಮಾನನಿಗೂ ಗೊತ್ತಾಗುತ್ತಿತ್ತು. ನಮ್ಮ ಹಿರಿಯರು ಕಲೆಗೆ ಬೆಲೆ ಕೊಟ್ಟದ್ದು ಕಿಸೆಯಿಂದ. ನಾವು ಕೊಡುತ್ತಿರುವುದು ಲೈಕಿನಿಂದ.

ಈಗ ಏನಿದೆ?

ಈಗ ಊರಿನಲ್ಲಿ ವೇದಿಕೆಗಳಿಗೆ ಬರ ಇಲ್ಲ. ಬ್ರಹ್ಮಕಲಶ, ಸ್ಕೂಲ್ ಡೇ, ಗಣೇಶೋತ್ಸವ, ಯುವಕ ಮಂಡಲದ ವಾರ್ಷಿಕೋತ್ಸವ. ಎಲ್ಲದಕ್ಕೂ ಪೆಂಡಾಲು, ಎಲ್ಇಡಿ ಪರದೆ, ಎದೆ ನಡುಗುವ ಸೌಂಡು. ಎಲ್ಲವೂ ಸಾವಿರ ಕುರ್ಚಿಯ ಲೆಕ್ಕ. 40 ಕುರ್ಚಿಯ ಜಾಗ ಒಂದೂ ಇಲ್ಲ.

ಒಂದು ಸಣ್ಣ ಕಥೆ ಹೇಳುತ್ತೇನೆ. ನಮ್ಮ ಕಡೆಯ ನಾಲ್ಕು ಹುಡುಗರು ಒಂದು ಬ್ಯಾಂಡ್ ಮಾಡಿಕೊಂಡರು. ಅಭ್ಯಾಸಕ್ಕೆ ಜಾಗ ಇಲ್ಲ. ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ ನುಡಿಸುತ್ತಿದ್ದರು. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತಾಗ ಆ ಕೋಣೆ ಖಾಲಿ. ಗಿಟಾರಿಗೆಲ್ಲ ಹೊಗೆಯ ವಾಸನೆ. ಕರೆಂಟು ಹೋದರೆ ಬಾಯಿಯಲ್ಲೇ ತಾಳ. ಎರಡು ವರ್ಷ ಹೀಗೆ ನುಡಿಸಿ ಎಂಟು ಹಾಡು ತಯಾರಾಯಿತು, ಅದರಲ್ಲಿ ಮೂರು ಅವರದ್ದೇ.

ಒಂದು ಉತ್ಸವದ ಸಮಿತಿಯವರ ಹತ್ತಿರ ಹೋಗಿ ಅವಕಾಶ ಕೇಳಿದರು. ಸಿಕ್ಕಿತು. ರಾತ್ರಿ ಒಂಬತ್ತಕ್ಕೆ ಅಂದಿದ್ದರು. ಸಭಾ ಕಾರ್ಯಕ್ರಮದಲ್ಲಿ 14 ಜನ ಅತಿಥಿಗಳು. ಪ್ರಾಸ್ತಾವಿಕ, ಸ್ವಾಗತ, ಉದ್ಘಾಟನೆ, ಸನ್ಮಾನ, ಸನ್ಮಾನಿತರ ಮಾತು, ಅಧ್ಯಕ್ಷರ ಮಾತು, ಧನ್ಯವಾದ. ಹುಡುಗರು ವೇದಿಕೆ ಹತ್ತುವಾಗ ಗಂಟೆ ಹತ್ತೂಕಾಲು. "ಎರಡೇ ಹಾಡು, ಬೇಗ ಮುಗಿಸಿ, ಗೊತ್ತಿರುವ ಸಿನಿಮಾ ಹಾಡು ಹೇಳಿ" ಅಂತ ಕಿವಿಯಲ್ಲಿ ಹೇಳಿದರು. ತಮ್ಮ ಸ್ವಂತ ಹಾಡು ಒಂದೂ ಹಾಡಲಿಕ್ಕೆ ಆಗಲಿಲ್ಲ. ಸೌಂಡಿನವರಿಗೆ ದುಡ್ಡು ಹೋಯಿತು. ಪೆಂಡಾಲಿನವರಿಗೆ ಹೋಯಿತು. ಪಟಾಕಿಗೆ ಹೋಯಿತು. ಹುಡುಗರಿಗೆ ನಾಲ್ಕು ಶಾಲು, ನಾಲ್ಕು ಸ್ಮರಣಿಕೆ, ಒಂದು ಫೋಟೋ. ಮನೆಗೆ ಹೋಗುವ ಜೀಪಿನ ಬಾಡಿಗೆ ಅವರೇ ಕೊಟ್ಟರು.

ಶಾಲು ಮಾರಿ ಗಿಟಾರಿನ ತಂತಿ ತೆಗೆಯಲಿಕ್ಕೆ ಆಗುವುದಿಲ್ಲ.

ಈಗ ಆ ನಾಲ್ವರಲ್ಲಿ ಇಬ್ಬರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಒಬ್ಬ ಗಲ್ಫಿಗೆ ಹೋದ. ಒಬ್ಬ ಮಾತ್ರ ಇಲ್ಲಿ, ಅಡಿಕೆ ತೋಟದ ಎಲೆಚುಕ್ಕಿಗೆ ಮದ್ದು ಬಿಡುವ ಚಿಂತೆಯಲ್ಲಿ. ನಾಳೆ ಗಲ್ಫಿನವನು ಅಲ್ಲಿನ ಯಾವುದೋ ಹೋಟೆಲಿನಲ್ಲಿ 30 ಜನರ ಎದುರು ಒಂದು ಹಾಡು ಹಾಡಿದರೆ ನಾವು "ವಿದೇಶದಲ್ಲಿ ಮಿಂಚಿದ ನಮ್ಮೂರ ಪ್ರತಿಭೆ" ಅಂತ ಸ್ಟೇಟಸ್ ಹಾಕುತ್ತೇವೆ. ಅದೇ ಹುಡುಗ ಹೊಗೆಮನೆಯಲ್ಲಿ ಇದ್ದಾಗ ನಾವು ಎಲ್ಲಿದ್ದೆವು? "ಆ ಹುಡುಗರಿಗೆ ಬೇರೆ ಕೆಲಸ ಇಲ್ಲ" ಅಂತ ಹೇಳಿದವರಲ್ಲಿ ನೀವೂ ಒಬ್ಬರಾ? ನಾನಂತೂ ಒಬ್ಬ.

"ಪಬ್ ಸಂಸ್ಕೃತಿ ನಮಗೆ ಬೇಡ"

ಈ ಮಾತು ಬಂದೇ ಬರುತ್ತದೆ, ಹಾಗಾಗಿ ಮೊದಲೇ ಉತ್ತರಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಪಬ್ ಅನ್ನುವ ಶಬ್ದ ಕೇಳಿದರೆ ಎಲ್ಲರಿಗೂ ನೆನಪಾಗುವುದು 2009ರ ಜನವರಿ 24. ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದ ದಿನ. ದೇಶವೇ ಟೀವಿಯಲ್ಲಿ ನೋಡಿತು. ಅಂದಿನಿಂದ ಆ ಶಬ್ದವೇ ಇಲ್ಲಿ ಒಂದು ಜಗಳ. ಹೊಡೆದದ್ದು ತಪ್ಪು ಅಂತ ನಾನು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ. ಆದರೆ ಗುತ್ತಿಗಾರಿಗೆ ಪಬ್ಬು ತನ್ನಿ ಅಂತ ನಾನು ಕೇಳುತ್ತಿಲ್ಲ. ಬೀರು ಅಲ್ಲೇ ಇರಲಿ. ನನಗೆ ಬೇಕಾದ್ದು ಆ 40 ಕುರ್ಚಿ, ಆ ಮೂರು ಮೊಳದ ದೂರ, ಆ ಬಾಗಿಲ ಟಿಕೆಟು.

ಇಂಗ್ಲೆಂಡಿನಲ್ಲಿ ಸಂಗೀತ ಪಬ್ಬಿಗೆ ಹೋದದ್ದು ಜನ ಸಂಜೆ ಸೇರುವ ಜಾಗ ಅದು ಎಂಬ ಕಾರಣಕ್ಕೆ. ನಮ್ಮಲ್ಲಿ ಜನ ಸೇರುವುದು ಹೋಟೆಲಿನಲ್ಲಿ, ಹಾಲಿನ ಡಿಪೋದಲ್ಲಿ, ಭಜನಾ ಮಂದಿರದಲ್ಲಿ, ಯುವಕ ಮಂಡಲದ ಕಟ್ಟಡದಲ್ಲಿ. ಹಾಡು ಅಲ್ಲಿಗೆ ಬರಲಿ. ಚಾ ಮತ್ತು ನೀರುಳ್ಳಿ ಬಜೆ ಸಾಕು.

ಕಾನೂನಿನ ಎರಡು ದಾರಿ

ಸಣ್ಣ ಜಾಗ ತಾನಾಗಿ ಉಳಿಯುವುದಿಲ್ಲ. ಸರಕಾರದ ಒಂದು ಆದೇಶ ಅದನ್ನು ಉಳಿಸಬಹುದು, ಮುಗಿಸಲೂಬಹುದು.

ಬೆಂಗಳೂರನ್ನು ನೋಡಿ. ರಾಕ್ ಸಂಗೀತಕ್ಕೆ ದೇಶದಲ್ಲೇ ಹೆಸರಾದ ಊರು. 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ಹುಡುಗರು ರೈಲು ಹತ್ತಿ ಬಂದಿದ್ದರು. ಅದೇ ಊರಿನ ಮೇಲೆ, ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ 2005ರಲ್ಲಿ ಹೊರಡಿಸಿದ ಒಂದು ಆದೇಶ ಉಂಟು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕು ಎನ್ನುವ ಆದೇಶ. ಅದು ಕೋರ್ಟಿಗೆ ಹೋಯಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಎತ್ತಿ ಹಿಡಿಯಿತು. ಆ ವರ್ಷವೇ ಪೊಲೀಸರು ಲೈಸೆನ್ಸ್ ಇಲ್ಲದ ಪಬ್ಬು, ರೆಸ್ಟೋರೆಂಟುಗಳಲ್ಲಿ ಹಾಡು ನಿಲ್ಲಿಸಿದರು. ಡ್ಯಾನ್ಸ್ ಬಾರಿಗೂ, ಮೂಲೆಯಲ್ಲಿ ಕೂತು ಗಿಟಾರ್ ನುಡಿಸುವ ಹುಡುಗನಿಗೂ ಒಂದೇ ಕಾಗದ, ಒಂದೇ ಸಾಲು. ಸಣ್ಣವರಿಗೆ ಅಷ್ಟು ಕಾಗದ ಹೊಂದಿಸಲಿಕ್ಕೆ ಆಗಲಿಲ್ಲ. ನಮ್ಮ ಊರಿನಿಂದ ಹೋದ ಹುಡುಗರಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಕೆಲಸ ಹೋಯಿತು.

ಬ್ರಿಟನ್ನಿನಲ್ಲಿ ಅದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರು. 2012ರಲ್ಲಿ ಲೈವ್ ಮ್ಯೂಸಿಕ್ ಆಕ್ಟ್ ಅಂತ ಒಂದು ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸಿಗೆ ಬಂತು. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರ ಒಳಗೆ, 200 ಜನರವರೆಗೆ, ಹಾಡಿಗೆ ಬೇರೆ ಲೈಸೆನ್ಸ್ ಬೇಡ. ಮೈಕ್ ಇಲ್ಲದ ಹಾಡಿಗೆ ಆ ಜನರ ಲೆಕ್ಕವೂ ಇಲ್ಲ. 2015ರಲ್ಲಿ 200 ಹೋಗಿ 500 ಆಯಿತು. ಸಣ್ಣದಕ್ಕೆ ಸಣ್ಣ ಕಾನೂನು ಸಾಕು ಎನ್ನುವ ಬುದ್ಧಿ ಅದು.

ಹಾಗಂತ ಅಲ್ಲಿ ಎಲ್ಲ ಸುಖವಾಗಿದೆ ಅಂತ ಅಲ್ಲ. ಬಾಡಿಗೆ, ಕರೆಂಟು ಬಿಲ್ಲು ಏರಿ ಜಾಗಗಳು ಮುಚ್ಚುತ್ತಿವೆ. ಅಲ್ಲಿನ ಸಣ್ಣ ಸಂಗೀತ ಜಾಗಗಳ ಪರವಾಗಿ 2014ರಲ್ಲಿ ಹುಟ್ಟಿದ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಎಂಬ ಸಂಸ್ಥೆ, 2023 ಒಂದೇ ವರ್ಷದಲ್ಲಿ ಅಂಥ 125 ಜಾಗ ಹೋದವು ಅಂತ ಲೆಕ್ಕ ಕೊಟ್ಟಿತು. ದೊಡ್ಡ ಸ್ಟೇಡಿಯಂ ಕಾರ್ಯಕ್ರಮದ ಪ್ರತಿ ಟಿಕೆಟಿನಿಂದ ಒಂದು ಪೌಂಡು ಸಣ್ಣ ಜಾಗಗಳಿಗೆ ಕೊಡಿ ಅಂತ ಅಲ್ಲಿ ದೊಡ್ಡ ಕೂಗು ಎದ್ದಿದೆ. ಮೇಲಿನ ಕೊಂಬೆಯ ಹಣ್ಣು ತಿನ್ನುವವರು ಬುಡಕ್ಕೆ ಸ್ವಲ್ಪ ನೀರು ಹೊಯ್ಯಲಿ ಎನ್ನುವ ನ್ಯಾಯ. ಅಡಿಕೆ ಕೃಷಿಕರಾದ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ಮೂರು ತಕರಾರು

"ಸೌಂಡು ಜಾಸ್ತಿ, ಓದುವ ಮಕ್ಕಳಿಗೆ ತೊಂದರೆ." ಒಪ್ಪಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಗಲೂ ಅನುಮತಿ ಬೇಕು. ಮೇಳಗಳೇ ಈಚೆಗೆ ಕಾಲಮಿತಿಯ ಆಟಕ್ಕೆ ಹೊಂದಿಕೊಂಡಿವೆ. 40 ಜನರ ಒಂದು ಕೋಣೆಗೆ ಟ್ರಕ್ಕಿನಲ್ಲಿ ಬರುವ ಸ್ಪೀಕರು ಬೇಡವೇ ಬೇಡ. ಬಾಗಿಲು ಹಾಕಿ, ಸಂಜೆ ಆರೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿದರೆ ಯಾರ ಮಕ್ಕಳ ಓದಿಗೂ ಅಡ್ಡಿಯಿಲ್ಲ. ಇಷ್ಟಕ್ಕೂ ವಿಸರ್ಜನೆಯ ಡೀಜೆಗೆ ಈ ತಕರಾರು ಯಾರೂ ಎತ್ತುವುದಿಲ್ಲ, ನಾಲ್ಕು ಗಿಟಾರಿಗೆ ಮಾತ್ರ ನೆನಪಾಗುತ್ತದೆ. ಅದು ಯಾಕೆ?

"ಯಾರು ಬರುತ್ತಾರೆ?" ಮೊದಲ ಸಲ ಹದಿನೈದು ಜನ ಬರಬಹುದು. ಬರಲಿ. ಚಿಕ್ಕಮೇಳದವರು ಐದು ಜನರ ಎದುರು ಕುಣಿದಿದ್ದಾರೆ. ಜನ ಬಂದ ಮೇಲೆ ಶುರು ಮಾಡುತ್ತೇವೆ ಅಂದರೆ ಯಾವುದೂ ಶುರುವಾಗುವುದಿಲ್ಲ.

"ದುಡ್ಡು ಎಲ್ಲಿಂದ?" ಲೆಕ್ಕ ಹಾಕೋಣ. 40 ಕುರ್ಚಿ, ಟಿಕೆಟು 50 ರೂಪಾಯಿ. 2000 ರೂಪಾಯಿ. ಕೋಣೆಯ ಲೈಟಿಗೆ, ಗುಡಿಸಿದವರಿಗೆ 400 ತೆಗೆಯಿರಿ. ನಾಲ್ಕು ಜನಕ್ಕೆ ತಲಾ 400. ಅಡಿಕೆ ಸುಲಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಅಂತ ನೀವು ಹೇಳಬಹುದು. ಹೌದು, ಸಿಗುತ್ತದೆ. ಇದರಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಆದರೆ ತಾನು ಕಲಿತ ಕೆಲಸಕ್ಕೆ ತನ್ನೂರಿನವರು ಕೈಯೆತ್ತಿ ಕೊಟ್ಟ ಆ 400 ರೂಪಾಯಿ ಒಬ್ಬ ಹುಡುಗನನ್ನು ಇನ್ನೊಂದು ವರ್ಷ ಅಭ್ಯಾಸದಲ್ಲಿ ಉಳಿಸುತ್ತದೆ. ಶಾಲು ಉಳಿಸುವುದಿಲ್ಲ.

ಯಾವ ಹಾಡು?

ಇಲ್ಲಿ ಹುಡುಗರಿಗೂ ಒಂದು ಮಾತು ಹೇಳಬೇಕು. ಎಲ್ಲ ತಪ್ಪು ಸಮಿತಿಯವರದ್ದಲ್ಲ.

ನೀವು ಹೊಗೆಮನೆಯಲ್ಲಿ ನುಡಿಸುವ ಎಂಟು ಹಾಡಿನಲ್ಲಿ ಐದು ಬೇರೆಯವರದ್ದು. ಇಂಗ್ಲಿಷು, ಹಿಂದಿ. ಸ್ವಂತ ಹಾಡು ಬರೆದರೂ ಬೆಂಗಳೂರಿನ ಕನ್ನಡದಲ್ಲಿ. ನಮ್ಮ ಈ ಮೂಲೆಯಲ್ಲಿ ಎಷ್ಟು ಭಾಷೆ ಉಂಟು ನೋಡಿ: ಅರೆಭಾಷೆ, ತುಳು, ಹವ್ಯಕ, ಮಲಯಾಳ, ಬ್ಯಾರಿ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿದ ತಮಿಳರ ಕಾಲೊನಿಗಳೂ ನಮ್ಮ ತಾಲೂಕಿನಲ್ಲೇ ಇವೆ. ಸಮುದ್ರ ದಾಟಿ ಬಂದ ಆ ಅಜ್ಜಂದಿರ ಕಥೆಯಲ್ಲಿ ಎಷ್ಟು ಹಾಡು ಇರಬಹುದು! ಅರೆಭಾಷೆಗೆ 2011ರಲ್ಲಿ ಅಕಾಡೆಮಿಯೇ ಆಗಿದೆ. ಆದರೆ ಮನೆಯಲ್ಲಿ ಅರೆಭಾಷೆ ಮಾತಾಡುವ ಹುಡುಗನಿಗೆ ಗಿಟಾರು ಕೈಗೆ ಬಂದ ಕೂಡಲೇ ನಾಲಿಗೆ ಬದಲಾಗುತ್ತದೆ.

ಇಂಗ್ಲೆಂಡಿನ ಆ ಜನ ರಘು ದೀಕ್ಷಿತರ ಬಾಯಿಯಲ್ಲಿ ಕೇಳಿದ್ದು 1819ರಲ್ಲಿ ಹುಟ್ಟಿದ, ಈಗಿನ ಹಾವೇರಿ ಜಿಲ್ಲೆಯ ಹಳ್ಳಿಯ ಒಬ್ಬ ಸಂತನ ಪದ. ಶರೀಫರ ಒಂದು ಶಬ್ದ ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೂ ಕುಣಿದರು. ಅವರದ್ದೇ ಹಾಡನ್ನು ಅವರಿಗಿಂತ ಸ್ವಲ್ಪ ಕಡಿಮೆ ಚೆನ್ನಾಗಿ ಹಾಡಲಿಕ್ಕೆ ಯಾರನ್ನೂ ಯಾರೂ ಅಷ್ಟು ದೂರ ಕರೆಸುವುದಿಲ್ಲ. ಇದು ಗುತ್ತಿಗಾರಿನ ಕೋಣೆಗೂ ಅನ್ವಯ. ನಾನು 50 ರೂಪಾಯಿ ಕೊಟ್ಟು ಬಂದರೆ, ಯೂಟ್ಯೂಬಿನಲ್ಲಿ ಸಿಗದ ಒಂದನ್ನಾದರೂ ಕೊಡಿ. ನಡುಗಲ್ಲಿನ ದಾರಿಯ ಮಳೆ, ತೋಟ ನುಂಗಿದ ಹಳದಿ ರೋಗ, ಸಂಕ ಮುಳುಗಿದ ದಿನ ಶಾಲೆ ತಪ್ಪಿದ ಖುಷಿ. ಅದನ್ನು ನಮ್ಮಿಂದ ಬಿಟ್ಟು ಬೇರೆ ಯಾರು ಹಾಡಬೇಕು?

ಪತ್ತನಾಜೆಯಿಂದ ದೀಪಾವಳಿಗೆ

ಬೈದದ್ದು ಸಾಕು. ನಾನು ಕೇಳುವುದು ಇಷ್ಟೆ.

ಪತ್ತನಾಜೆಯಿಂದ ದೀಪಾವಳಿಯವರೆಗೆ, ಮೇಳಗಳು ಗೆಜ್ಜೆ ಬಿಚ್ಚಿರುವ ಆ ತಿಂಗಳುಗಳಲ್ಲಿ, ತಿಂಗಳಿಗೆ ಒಂದು ಶನಿವಾರ. ಜಾಗ: ಶಾಲೆಯ ಒಂದು ಕೋಣೆ, ಪಂಚಾಯತಿನ ಸಭಾಂಗಣ, ಯುವಕ ಮಂಡಲದ ಕಟ್ಟಡ, ಯಾವುದು ಸಿಗುತ್ತದೋ ಅದು. 40 ಕುರ್ಚಿ. ಟಿಕೆಟು 50, ಶಾಲೆಯ ಮಕ್ಕಳಿಗೆ 10. ಒಂದು ತಿಂಗಳು ಬ್ಯಾಂಡು, ಒಂದು ತಿಂಗಳು ತಾಳಮದ್ದಳೆ, ಒಂದು ತಿಂಗಳು ಪಾಡ್ದನ ಹೇಳುವ ಅಜ್ಜಿ, ಒಂದು ತಿಂಗಳು ಕಾಲೊನಿಯ ತಮಿಳು ಹಾಡು. ಸ್ವಾಗತ ಭಾಷಣ ಇಲ್ಲ. ಮುಖ್ಯ ಅತಿಥಿ ಇಲ್ಲ. ದೀಪ ಬೆಳಗಿಸುವುದಿದ್ದರೆ ಮೊದಲು ಬಂದು ಕೂತವರು ಬೆಳಗಿಸಲಿ. ಶಾಲು ಇಲ್ಲವೇ ಇಲ್ಲ. ಮುಗಿದ ಮೇಲೆ ಕಾಲು ಗಂಟೆ ಮಾತು, ಯಾವ ಹಾಡು ಹಿಡಿಸಿತು, ಎಲ್ಲಿ ಲಯ ಬಿಟ್ಟಿತು ಅಂತ. ಎದುರಿಗೆ ಹೇಳುವುದು, ಹಿಂದಿನಿಂದ ಅಲ್ಲ.

ಪಂಚಾಯತಿನ ಸದಸ್ಯರಿಗೆ ನನ್ನ ಪ್ರಶ್ನೆ: ವರ್ಷಕ್ಕೆ ಐದಾರು ಸಂಜೆ ಒಂದು ಕೋಣೆಯ ಬೀಗದ ಕೈ ಕೊಡಲಿಕ್ಕೆ ನಿಮಗೆ ಏನು ಕಷ್ಟ? ಉತ್ಸವ ಸಮಿತಿಗಳವರಿಗೆ: ಪಟಾಕಿಯ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲು ಹಾಡುವವರಿಗೆ ಕೊಟ್ಟರೆ ದೇವರು ಮುನಿಯುತ್ತಾನಾ? ಓದುವ ನಿಮಗೆ: ಕಳೆದ ಒಂದು ವರ್ಷದಲ್ಲಿ ನಿಮ್ಮೂರಿನ ಒಬ್ಬ ಕಲಾವಿದನಿಗೆ, ದೇವಸ್ಥಾನದ ರಶೀದಿ ಬಿಟ್ಟು, ನೇರವಾಗಿ ಒಂದು 50 ರೂಪಾಯಿ ಕೊಟ್ಟದ್ದು ನೆನಪುಂಟಾ?

ಇನ್ನು ನಮಗೆ, ಸುದ್ದಿ ಬರೆಯುವವರಿಗೆ. "ವಿದೇಶದಲ್ಲಿ" ಎನ್ನುವ ಶಬ್ದ ಕಂಡರೆ ಸಾಕು, ಎಷ್ಟು ಜನ ಇದ್ದರು, ಯಾರು ಕರೆಸಿದರು, ಏನು ಹಾಡಿದರು ಅಂತ ಕೇಳದೆ ಶೀರ್ಷಿಕೆ ಹೊಡೆಯುತ್ತೇವೆ. ಓದುವಾಗ ನಮಗೆ ಕಲಿಸಿದ ಮೊದಲ ಪಾಠ ಯಾರು, ಎಲ್ಲಿ, ಯಾವಾಗ, ಎಷ್ಟು. ಊರಿನ ಸುದ್ದಿಗೆ ಮಾತ್ರ ಅದನ್ನು ಬಳಸಿ, ವಿಮಾನ ಹತ್ತಿದ ಸುದ್ದಿಗೆ ಕೈಬಿಡುತ್ತೇವೆ. ನಾನೂ ಅದನ್ನೇ ಮಾಡಿದೆ.

ಆದ್ದರಿಂದ ಇಲ್ಲಿ ಒಂದು ಮಾತು ಕೊಡುತ್ತೇನೆ. ಗುತ್ತಿಗಾರಿನಲ್ಲಿ ಅಂಥ ಮೊದಲ ಶನಿವಾರ ನಡೆದರೆ ನಾನು ಟಿಕೆಟು ತೆಗೆದು ಬರುತ್ತೇನೆ. ಬಂದವರನ್ನು ಎಣಿಸುತ್ತೇನೆ. ಹದಿನೈದೇ ಇದ್ದರೆ ಹದಿನೈದು ಅಂತಲೇ ಬರೆಯುತ್ತೇನೆ. ಲಯ ಬಿಟ್ಟರೆ ಅದನ್ನೂ ಬರೆಯುತ್ತೇನೆ. ಆ ಸುದ್ದಿ ಇಂಗ್ಲೆಂಡಿನ ಸುದ್ದಿಗೆ ಕೊಟ್ಟಷ್ಟೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರುತ್ತದೆ.

ಬೇಸ್ ಗಿಟಾರಿನ ಹುಡುಗ ಈ ಮಳೆಗಾಲದಲ್ಲಿ ಊರಿಗೆ ಬರುತ್ತಾನಂತೆ. ಜಾಗ ಉಂಟಾ ಅಂತ ಕೇಳಿದ್ದಾನೆ. ಉಂಟು ಅಂತ ಹೇಳಲಿಕ್ಕೆ ನನಗೆ ಒಂದು ಬೀಗದ ಕೈ ಬೇಕು.